ಕಟ್ಟಡ ಕೆಲಸದ ತಂಡಕ್ಕೆ ರೋಟರಿ ಲೇಸರ್ ಲೆವೆಲ್: ಏನೇನು ನೋಡಿ ತೆಗೆದುಕೊಳ್ಳಬೇಕು?

ಪಾಯದಿಂದ_ಮೇಲಕ್ಕೆ

ಎಲ್ಲರಿಗೂ ನಮಸ್ಕಾರ. ಎಂಟು ಜನರ ತಂಡಕ್ಕೆ ಒಂದು ರೋಟರಿ ಲೇಸರ್ (ಕಿರಣವನ್ನು ಸುತ್ತಲೂ ತಿರುಗಿಸಿ ಒಂದೇ ಮಟ್ಟ ತೋರಿಸುವ ಯಂತ್ರ) ಬೇಕಾಗಿದೆ. ಸದ್ಯಕ್ಕೆ ಹೊರಗಿನ ಕೆಲಸ ಆಟೋ ಲೆವೆಲ್‌ನಲ್ಲಿ, ಒಳಗಿನದು ನೀರಿನ ಟ್ಯೂಬ್‌ನಲ್ಲಿ ನಡೆಯುತ್ತಿದೆ. ಆಟೋ ಲೆವೆಲ್ ಇಟ್ಟರೆ ಒಬ್ಬರು ದುರ್ಬೀನಿನ ಹಿಂದೆ, ಒಬ್ಬರು ಸ್ಟಾಫ್ (ಅಳತೆಕೋಲು) ಹಿಡಿದು, ಹೀಗೆ ಯಾವಾಗಲೂ ಇಬ್ಬರು ಅದಕ್ಕೇ ಮೀಸಲು. ಲೇಸರ್ ಇದ್ದರೆ ಯಾರಿಗೆ ಮಟ್ಟ ಬೇಕೋ ಅವರೇ ನೋಡಿಕೊಳ್ಳಬಹುದು ಎಂಬುದು ಲೆಕ್ಕಾಚಾರ.

ಕೆಲಸದ ಬಗೆ ಹೀಗಿದೆ: ಫೂಟಿಂಗ್ ಗುಂಡಿಯ ತಳ, ಪಿಸಿಸಿ (ಸರಳಿಲ್ಲದ ಕಾಂಕ್ರೀಟ್ ಹಾಸು), ಪ್ಲಿಂತ್ ಬೀಮ್ (ಪಾಯದ ಮೇಲಿನ ಕಾಂಕ್ರೀಟ್ ತೊಲೆ), ಸ್ಲ್ಯಾಬ್ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಕೆಳಗೆ ಕಟ್ಟುವ ಹಲಗೆ), ಕಾಂಕ್ರೀಟಿನ ಮೇಲ್ಮಟ್ಟ, ಹೊರಗೆ ಡ್ರೈನೇಜ್ ಪೈಪು ಮತ್ತು ಪೇವಿಂಗ್, ಒಳಗೆ ಫ್ಲೋರಿಂಗ್ ಮತ್ತು ಫಾಲ್ಸ್ ಸೀಲಿಂಗ್. ದೂರ ಹೆಚ್ಚಿನ ಸಲ 40 ಮೀಟರ್ ಒಳಗೆ, ಅಪರೂಪಕ್ಕೆ 80 ಮೀಟರ್.

ಕೇಳಬೇಕಾದದ್ದು: ಕೆಂಪೋ ಹಸಿರೋ? 30 ಮೀಟರಿಗೆ ±1.5 ಮಿ.ಮೀ. ಇರುವುದೇ ಬೇಕೋ, ±3 ಸಾಕೋ? ಸ್ಲೋಪ್ ಸೌಲಭ್ಯ ಬೇಕೇ? ಡಬ್ಬಿಯಲ್ಲಿ ಬರುವ ರಿಸೀವರ್ (ಲೇಸರ್ ಕಿರಣ ಹಿಡಿದು ಸದ್ದು ಮಾಡುವ ಸಾಧನ), ಟ್ರೈಪಾಡ್ ನಂಬಬಹುದೇ? ತಂದ ಮೇಲೆ ಯಂತ್ರ ಸರಿಯಿದೆಯೋ ಇಲ್ಲವೋ ಎಂದು ಸೈಟಿನಲ್ಲೇ ನೋಡಿಕೊಳ್ಳುವುದು ಹೇಗೆ?

---

ಮಟ್ಟಗೋಲು

ನಿಖರತೆಯಿಂದ ಶುರು ಮಾಡೋಣ, ಏಕೆಂದರೆ ಹೆಚ್ಚು ಗೊಂದಲ ಅಲ್ಲೇ. ಒಂದೇ ವಿಷಯವನ್ನು ಮೂರು ಬಗೆಯಲ್ಲಿ ಬರೆಯುತ್ತಾರೆ. ಒಂದರ ಮೇಲೆ "30 ಮೀಟರಿಗೆ ±1.5 ಮಿ.ಮೀ.", ಇನ್ನೊಂದರ ಮೇಲೆ "ಮೀಟರಿಗೆ ±0.1 ಮಿ.ಮೀ.", ಮತ್ತೊಂದರ ಮೇಲೆ "±10 ಆರ್ಕ್ ಸೆಕೆಂಡ್" (ಆರ್ಕ್ ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ). 10 ಆರ್ಕ್ ಸೆಕೆಂಡ್ ಎಂದರೆ ಮೀಟರಿಗೆ 0.05 ಮಿ.ಮೀ.ಗಿಂತ ಚೂರು ಕಡಿಮೆ, ಅಂದರೆ 30 ಮೀಟರಿಗೆ ಹೆಚ್ಚುಕಡಿಮೆ 1.5. ಮೀಟರಿಗೆ 0.1 ಎಂದು ಬರೆದದ್ದು 30 ಮೀಟರಿಗೆ 3 ಮಿ.ಮೀ., ಸುಮಾರು 20 ಆರ್ಕ್ ಸೆಕೆಂಡ್. 0.1 ಎಂಬ ಅಂಕಿ ಕಣ್ಣಿಗೆ ಸಣ್ಣದಾಗಿ ಕಾಣುತ್ತದೆ, ಆದರೆ ಮೂರರಲ್ಲಿ ಅದೇ ಒರಟು. ನಿಮ್ಮ 80 ಮೀಟರಿಗೆ ಮೊದಲನೆಯದು 4, ಇದು 8 ಮಿ.ಮೀ. ತಪ್ಪಬಹುದು.

ಮಣ್ಣಿನ ಕೆಲಸಕ್ಕೆ 8 ಮಿ.ಮೀ. ಲೆಕ್ಕಕ್ಕೇ ಬರುವುದಿಲ್ಲ. ಪ್ಲಿಂತ್ ಬೀಮ್ ಮತ್ತು ಸ್ಲ್ಯಾಬಿಗೆ ಬರುತ್ತದೆ. ಒಂದೇ ಯಂತ್ರದಲ್ಲಿ ಎಲ್ಲ ಮಾಡುವುದಾದರೆ 30 ಮೀಟರಿಗೆ ±1.5 ವರ್ಗದ್ದೇ ತೆಗೆದುಕೊಳ್ಳಿ. ಅದಕ್ಕಿಂತ ಸೂಕ್ಷ್ಮವಾದದ್ದಕ್ಕೆ ಹಣ ಹಾಕಬೇಡಿ. ಸ್ಟಾಫ್ ಹಿಡಿಯುವ ಕೈಯಲ್ಲೇ ಅಷ್ಟು ತಪ್ಪಾಗುತ್ತದೆ, ಯಂತ್ರದ ಸೂಕ್ಷ್ಮತೆ ಅಲ್ಲಿಗೆ ವ್ಯರ್ಥ.

"ವ್ಯಾಪ್ತಿ 500 ಮೀಟರ್" ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ವ್ಯಾಸ, ಅದೂ ರಿಸೀವರ್ ಜೊತೆಗೆ. ಯಂತ್ರದಿಂದ ಒಂದು ಕಡೆಗೆ 250 ಮೀಟರ್. ನಿಮಗೆ ಅದರ ಅರ್ಧವೂ ಬೇಡ, ಹಾಗಾಗಿ ಈ ಅಂಕಿ ನೋಡಿ ಮರುಳಾಗಬೇಡಿ. ಭೂಮಿಯ ಬಾಗು ಕೂಡ 100 ಮೀಟರಿಗೆ 0.8 ಮಿ.ಮೀ. ದಾಟುವುದಿಲ್ಲ. 300 ಮೀಟರಿಗೆ ಹೋದರೆ ಮಾತ್ರ 7 ಮಿ.ಮೀ. ಆಗುತ್ತದೆ.

ಬಣ್ಣ. ಮನುಷ್ಯನ ಕಣ್ಣು ಹಗಲು ಬೆಳಕಿನಲ್ಲಿ 555 ನ್ಯಾನೋಮೀಟರ್ ಆಸುಪಾಸಿನ ಹಸಿರನ್ನು ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. 635 ನ್ಯಾನೋಮೀಟರಿನ ಕೆಂಪು ಅಷ್ಟೇ ಶಕ್ತಿಯಲ್ಲಿ ತುಂಬಾ ಮಂಕು. ಆದ್ದರಿಂದ ಒಳಗಡೆ, ಗೋಡೆ ಮೇಲೆ ಬರಿಗಣ್ಣಿನಲ್ಲಿ ಗೆರೆ ನೋಡುವ ಕೆಲಸಕ್ಕೆ ಹಸಿರು ಎಷ್ಟೋ ಮೇಲು. ಬಿಸಿಲಿನಲ್ಲಿ ಎರಡೂ ಕಾಣುವುದಿಲ್ಲ, ರಿಸೀವರ್ ಬೇಕೇ ಬೇಕು. ರಿಸೀವರಿಗೆ ಬಣ್ಣದ ಸೊಗಸಿನಿಂದ ಏನೂ ಆಗಬೇಕಾಗಿಲ್ಲ. ಹಸಿರಿನ ಡಯೋಡ್ ಬ್ಯಾಟರಿಯನ್ನೂ ಜಾಸ್ತಿ ತಿನ್ನುತ್ತದೆ. ನಿಮ್ಮ ಪಟ್ಟಿಯಲ್ಲಿ ಮುಕ್ಕಾಲು ಪಾಲು ಹೊರಗಿನ ಕೆಲಸ, ಹಾಗಾಗಿ ಕೆಂಪೇ ಸರಿ.

ಇನ್ನು ಎಂಟು ಜನ ಓಡಾಡುವ ಸೈಟಿನಲ್ಲಿ ನಾನು ಎಲ್ಲಕ್ಕಿಂತ ಮುಖ್ಯ ಎನ್ನುವುದು ಎತ್ತರ ತಪ್ಪಿದಾಗ ಎಚ್ಚರಿಸುವ ಸೌಲಭ್ಯ. ಇದನ್ನು ಎಚ್‌ಐ ಅಲರ್ಟ್ ಅಥವಾ ಟಿಲ್ಟ್ ಅಲರ್ಟ್ ಎನ್ನುತ್ತಾರೆ. ಇದಿಲ್ಲದ ಯಂತ್ರದಲ್ಲಿ ಏನಾಗುತ್ತದೆ ನೋಡಿ: ಯಾರೋ ಟ್ರೈಪಾಡಿಗೆ ಕಾಲು ತಾಗಿಸುತ್ತಾರೆ, ಒಂದು ಕಾಲು ಮಣ್ಣಿನಲ್ಲಿ 20 ಮಿ.ಮೀ. ಇಳಿಯುತ್ತದೆ. ಮೂರು ಕಾಲಿನ ನಡುವೆ ಇರುವ ತಲೆ ಅದರ ಮೂರನೇ ಒಂದು ಭಾಗ, ಸುಮಾರು 7 ಮಿ.ಮೀ., ಕೆಳಗೆ ಬರುತ್ತದೆ. ಯಂತ್ರದ ಸೆಲ್ಫ್ ಲೆವೆಲಿಂಗ್ ಸಾಮಾನ್ಯವಾಗಿ ±5 ಡಿಗ್ರಿವರೆಗೆ ಸರಿಪಡಿಸುತ್ತದೆ, ಆದ್ದರಿಂದ ಎರಡು ಕ್ಷಣ ನಿಂತು ತಾನೇ ಮಟ್ಟವಾಗಿ ಮತ್ತೆ ತಿರುಗುತ್ತದೆ. ನೋಡುವವರಿಗೆ ಎಲ್ಲ ಸರಿ. ಬೀಮ್, ಅಂದರೆ ಲೇಸರ್ ಕಿರಣ, ಮಾತ್ರ 7 ಮಿ.ಮೀ. ಕೆಳಗೆ, ಆಮೇಲೆ ಹಾಕಿದ ಗುರುತೆಲ್ಲ ತಪ್ಪು. ಅಲರ್ಟ್ ಇದ್ದರೆ ಇಂಥ ಹೊತ್ತಿನಲ್ಲಿ ತಲೆ ತಿರುಗುವುದು ನಿಂತು ದೀಪ ಮಿನುಗುತ್ತದೆ, ಯಾರಾದರೂ ಬಂದು ಬೆಂಚ್ ಮಾರ್ಕ್ (ಎತ್ತರ ಗೊತ್ತಿರುವ ಸ್ಥಿರ ಗುರುತು) ಮತ್ತೆ ನೋಡುವವರೆಗೂ ಶುರುವಾಗುವುದಿಲ್ಲ. ಇದು ಆನ್ ಮಾಡಿದ ತಕ್ಷಣ ಜಾರಿಗೆ ಬರುವುದಿಲ್ಲ, ಮಾಡೆಲ್ ನೋಡಿಕೊಂಡು ಅರ್ಧ ನಿಮಿಷದಿಂದ ಕೆಲವು ನಿಮಿಷ ಹಿಡಿಯುತ್ತದೆ. ಕೆಲವದರಲ್ಲಿ ಬಟನ್ ಒತ್ತಿಯೇ ಚಾಲೂ ಮಾಡಬೇಕು. ಕೊಳ್ಳುವ ಮೊದಲು ಟ್ರೈಪಾಡ್ ಮೇಲೆ ಇಡಿಸಿ, ಐದು ನಿಮಿಷ ಬಿಟ್ಟು, ಒಂದು ಕಾಲನ್ನು ಸ್ವಲ್ಪ ಎತ್ತಿ ನೋಡಿ.

ಉಳಿದದ್ದು ಬೇಗ ಹೇಳುತ್ತೇನೆ. ಧೂಳು ನೀರು ತಡೆಯುವ ದರ್ಜೆ ಐಪಿ66 ಇರಲಿ. ಐಪಿ54 ಒಳಗಿನ ಕೆಲಸಕ್ಕೆ ಸಾಕು, ಮಳೆ ಕೆಸರಿಗೆ ಸಾಲದು. ತಿರುಗುವ ತಲೆ ಗಾಜಿನ ಗೂಡಿನೊಳಗೆ ಇರುವುದನ್ನೇ ಆರಿಸಿ. ತಲೆ ಬಯಲಾಗಿರುವ ಯಂತ್ರ ಒಮ್ಮೆ ಮಗುಚಿದರೆ ಬೇರಿಂಗ್ ಹೋಯಿತು. ಗೂಡಿನ ನಾಲ್ಕು ಮೂಲೆಯ ಕಂಬಗಳ ನೇರಕ್ಕೆ ಸಣ್ಣ ಕುರುಡು ಪಟ್ಟಿ ಬೀಳುತ್ತದೆ. ಒಂದು ಜಾಗದಲ್ಲಿ ಮಾತ್ರ ರಿಸೀವರ್ ಕೂಗದಿದ್ದರೆ ಯಂತ್ರವನ್ನು ಕೊಂಚ ತಿರುಗಿಸಿ ಇಟ್ಟರೆ ಸರಿಹೋಗುತ್ತದೆ. ಚಾರ್ಜ್ ಮಾಡುವ ಪ್ಯಾಕ್ ಜೊತೆಗೆ ಅಂಗಡಿಯಲ್ಲಿ ಸಿಗುವ ಆಲ್ಕಲೈನ್ ಸೆಲ್ ಕೂಡ ಹಾಕಲು ಬರುವಂಥದ್ದು ಒಳ್ಳೆಯದು, ಕಾಂಕ್ರೀಟ್ ನಡೆಯುವಾಗ ಚಾರ್ಜ್ ಮುಗಿದರೂ ಕೆಲಸ ನಿಲ್ಲುವುದಿಲ್ಲ.

---

ಸ್ಟಾಫ್_ಹಿಡಿದವ

ಮಟ್ಟಗೋಲು ಸರ್ ಹೇಳಿದ್ದೆಲ್ಲ ಸರಿ. ರಿಸೀವರ್ ಬಗ್ಗೆ ಇನ್ನಷ್ಟು ಹೇಳಲೇಬೇಕು, ಏಕೆಂದರೆ ಯಂತ್ರ ಟ್ರೈಪಾಡಿನ ಮೇಲೆ ಕೂತಿರುತ್ತದೆ, ದಿನವಿಡೀ ಕೈಯಲ್ಲಿ ಇರುವುದು ರಿಸೀವರ್. ತಪ್ಪುಗಳೂ ಹೆಚ್ಚು ಅಲ್ಲೇ ಹುಟ್ಟುತ್ತವೆ.

ಮೊದಲು ಬೀಮ್ ಹಿಡಿಯುವ ಕಿಂಡಿಯ ಉದ್ದ ನೋಡಿ. ಅಗ್ಗದವುಗಳಲ್ಲಿ 50 ಮಿ.ಮೀ. ಇರುತ್ತದೆ, ಒಳ್ಳೆಯದರಲ್ಲಿ 120 ದಾಟುತ್ತದೆ. ಕಿಂಡಿ ಚಿಕ್ಕದಾದರೆ ಬೀಮ್ ಹುಡುಕುತ್ತಾ ಸ್ಟಾಫ್ ಮೇಲೆ ಕೆಳಗೆ ಸರಿಸುವುದರಲ್ಲೇ ಹೊತ್ತು ಹೋಗುತ್ತದೆ. ಗುಂಡಿ ತೋಡುವಾಗ ಇದು ಎದ್ದು ಕಾಣುತ್ತದೆ. ಎರಡನೆಯದು, ಬರೀ ಬಾಣದ ಗುರುತು ತೋರಿಸುವುದಕ್ಕಿಂತ "ಇನ್ನೂ 14 ಮಿ.ಮೀ. ಕೆಳಗೆ" ಎಂದು ಅಂಕಿ ತೋರಿಸುವುದು ತಂಡಕ್ಕೆ ಎಷ್ಟೋ ಅನುಕೂಲ. ತಳ ಕೆರೆಯುವವರಿಗೆ ಇನ್ನೆಷ್ಟು ತೆಗೆಯಬೇಕೆಂದು ನೇರವಾಗಿ ಗೊತ್ತಾಗುತ್ತದೆ. ಪರದೆ ಮುಂದೆಯೂ ಹಿಂದೆಯೂ ಇರಬೇಕು.

ಸೂಕ್ಷ್ಮತೆಗೆ ಎರಡು ಹಂತ ಇರುತ್ತವೆ. ನುಣುಪು ಹಂತದಲ್ಲಿ ±1 ಮಿ.ಮೀ. ಸುಮಾರು, ಒರಟು ಹಂತದಲ್ಲಿ ±2ರಿಂದ 3. ಮಣ್ಣಿಗೆ ಒರಟಿನಲ್ಲೇ ಇಡಿ. ನುಣುಪಿನಲ್ಲಿಟ್ಟರೆ ಗಾಳಿಗೆ ಟ್ರೈಪಾಡ್ ನಡುಗಿದ್ದಕ್ಕೂ ಬಾಣ ಮೇಲೆ ಕೆಳಗೆ ಕುಣಿಯುತ್ತದೆ, ನಡುವಿನ ಉದ್ದನೆಯ ಸದ್ದು ಬರುವುದೇ ಇಲ್ಲ. ಫ್ಲೋರಿಂಗ್, ಪ್ಲಿಂತ್ ಮಾಡುವಾಗ ನುಣುಪಿಗೆ ಬದಲಿಸಲು ಮರೆಯಬೇಡಿ. ಒರಟಿನಲ್ಲೇ ಬಿಟ್ಟು ಪ್ಲಿಂತ್ ಗುರುತು ಹಾಕುವುದು ತೀರಾ ಮಾಮೂಲಿ ತಪ್ಪು.

ಹೊಂದಾಣಿಕೆ ನೋಡದೆ ಬೇರೆ ರಿಸೀವರ್ ಕೊಳ್ಳಬೇಡಿ. ಲೈನ್ ಲೇಸರಿನ (ತಿರುಗದೆ ಗೋಡೆ ಮೇಲೆ ಗೆರೆ ಮೂಡಿಸುವ ಲೇಸರ್) ರಿಸೀವರ್ ಪಲ್ಸ್ ಆಗಿ ಮಿಡಿಯುವ ಬೆಳಕನ್ನು ಹುಡುಕುತ್ತದೆ, ರೋಟರಿಯದು ಒಮ್ಮೆ ಹಾದುಹೋಗುವ ಕಿರಣವನ್ನು ಹಿಡಿಯುತ್ತದೆ. ಒಂದರದ್ದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂಡುವುದಿಲ್ಲ. ಕೆಂಪಿಗೆ ಮಾಡಿದ ಕೆಲವು ರಿಸೀವರ್ ಹಸಿರಿಗೆ ಕೂಗುವುದಿಲ್ಲ. ವೇಗವೂ ನೋಡಿ: ರಿಸೀವರ್ ಜೊತೆಗೆ ನಿಮಿಷಕ್ಕೆ 600 ಸುತ್ತು ಸಾಮಾನ್ಯ. ಒಳಗೆ ಬರಿಗಣ್ಣಿಗೆ ಗೆರೆ ಎದ್ದು ಕಾಣಲೆಂದು ವೇಗ ಇಳಿಸಿದ್ದವರು ಹೊರಗೆ ತಂದು ಹಾಗೇ ಇಟ್ಟರೆ ರಿಸೀವರ್ ತಡವರಿಸುತ್ತದೆ. "ರಿಸೀವರ್ ಕೆಟ್ಟಿದೆ" ಎಂಬ ದೂರಿನಲ್ಲಿ ಎಷ್ಟೋ ಇದೇ ಆಗಿರುತ್ತದೆ.

ರಿಸೀವರ್ ಸುಮ್ಮಸುಮ್ಮನೆ ಕೂಗಿದರೆ ಸುತ್ತ ನೋಡಿ. ಯಂತ್ರಗಳ ಮೇಲಿನ ಮಿನುಗು ದೀಪ, ಗಾಜಿನ ಕಿಟಕಿ, ನೀರು ನಿಂತ ಜಾಗ, ಹೊಳೆಯುವ ತಗಡು, ಪಕ್ಕದವರ ಇನ್ನೊಂದು ಲೇಸರ್. ಪ್ರತಿಫಲನದ ಗುರುತೆಂದರೆ ಸ್ಟಾಫ್ ಅಲುಗಿಸದಿದ್ದರೂ ಬಾಣ ಒಮ್ಮೆ ಮೇಲೆ ಒಮ್ಮೆ ಕೆಳಗೆ ಹಾರುವುದು. ಹೊಳೆಯುವ ವಸ್ತುವಿಗೆ ಬೆನ್ನು ಮಾಡಿ ನಿಂತು ಮೈಯಿಂದ ಮರೆ ಮಾಡಿದರೆ ಬಹಳ ಸಲ ನಿಲ್ಲುತ್ತದೆ. ಒಂದೇ ಸೈಟಿನಲ್ಲಿ ಎರಡು ರೋಟರಿ ಇದ್ದರೆ ಬೀಮ್ ಎತ್ತರದಲ್ಲಿ ಅರ್ಧ ಮೀಟರ್ ಆದರೂ ವ್ಯತ್ಯಾಸ ಇಡಿ.

ಸ್ಟಾಫಿಗೆ ಗುಂಡು ಬಬಲ್ (ಕೋಲು ನೆಟ್ಟಗಿದೆಯೇ ಎಂದು ತೋರಿಸುವ ಗುಳ್ಳೆ) ಹಾಕಿಸಿ. 2 ಮೀಟರ್ ಎತ್ತರದಲ್ಲಿ ರಿಸೀವರ್ ಇದ್ದು ಸ್ಟಾಫ್ 2 ಡಿಗ್ರಿ ವಾಲಿದರೆ ತಪ್ಪು 1.2 ಮಿ.ಮೀ. ಅಷ್ಟೇ. 5 ಡಿಗ್ರಿ ವಾಲಿದರೆ 7.6 ಮಿ.ಮೀ.! ಮೇಲಿನ ಉತ್ತರದಲ್ಲಿ ಹಣ ಕೊಟ್ಟು ಗಳಿಸಿದ ನಿಖರತೆಯೆಲ್ಲ ಇಲ್ಲಿ ಹೋಗುತ್ತದೆ. ಇನ್ನು ರಿಸೀವರಿನ ಕ್ಲಾಂಪ್: ರಿಸೀವರಿನ ನಡುಗೆರೆ ಮತ್ತು ಕ್ಲಾಂಪಿನಲ್ಲಿ ಓದುವ ಅಂಚು ಒಂದೇ ಮಟ್ಟದಲ್ಲಿ ಇದೆಯೇ ನೋಡಿ. ಕೆಲವದರಲ್ಲಿ ಇರುವುದಿಲ್ಲ. ಒಬ್ಬರು ಅಂಚನ್ನು ಓದಿ, ಇನ್ನೊಬ್ಬರು ರಿಸೀವರಿನ ತಲೆಯನ್ನು ಓದಿದರೆ ಕೆಲವು ಸೆಂಟಿಮೀಟರೇ ಹೋಯಿತು. ಎಲ್ಲರೂ ಒಂದೇ ಅಂಚು ಓದಬೇಕೆಂದು ಅದರ ಮೇಲೆ ಬಣ್ಣದ ಗುರುತು ಹಾಕಿಡಿ.

---

ಪಾಯದಿಂದ_ಮೇಲಕ್ಕೆ

ಇಬ್ಬರಿಗೂ ತುಂಬಾ ಧನ್ಯವಾದ. ಅಲರ್ಟ್ ವಿಷಯ ತಲೆಗೇ ಹೊಳೆದಿರಲಿಲ್ಲ. ಇನ್ನು ಸ್ಲೋಪ್ ಒಂದು ಉಳಿಯಿತು. ಡ್ರೈನೇಜ್ ಪೈಪು 1:80, ಒಂದು ಓಟ 24 ಮೀಟರ್ ಆಸುಪಾಸು. ಪೇವಿಂಗ್ ಒಂದೇ ಕಡೆಗೆ ಇಳಿಜಾರು. ಇದಕ್ಕೆ ಅಂಕಿ ಒತ್ತಿ ಸ್ಲೋಪ್ ಕೊಡುವ ಮಾಡೆಲ್ ಬೇಕಾ?

---

ಇಳಿಜಾರು_ಲೆಕ್ಕ

ಪೈಪಿಗೆ ಬೇಡ. ಬರೀ ಮಟ್ಟದ ಬೀಮಿನಲ್ಲೇ ಸುಲಭವಾಗಿ ಆಗುತ್ತದೆ. 24 ಮೀಟರಿಗೆ 1:80 ಎಂದರೆ 300 ಮಿ.ಮೀ. ಇಳಿತ, ಪ್ರತಿ 3 ಮೀಟರಿಗೆ 37.5. ಮೇಲಿನ ತುದಿಯಲ್ಲಿ ಪೈಪಿನ ಒಳತಳಕ್ಕೆ ಸ್ಟಾಫ್ ಓದು 1.820 ಮೀಟರ್ ಬಂದರೆ 3 ಮೀಟರಿಗೆ 1.8575, 6 ಮೀಟರಿಗೆ 1.895, ಹೀಗೆ ಕೊನೆಗೆ 2.120. ಈ ಒಂಬತ್ತು ಅಂಕಿಯನ್ನು ಒಂದು ಹಲಗೆ ಮೇಲೆ ಬರೆದು ಕಂದಕದ ಪಕ್ಕ ನಿಲ್ಲಿಸಿದರೆ ಯಾರು ಬೇಕಾದರೂ ನೋಡಿಕೊಂಡು ಇಡಬಹುದು. ಕೊನೆಯ ಅಂಕಿ ಮೊದಲನೆಯದಕ್ಕಿಂತ ಸರಿಯಾಗಿ 0.300 ಹೆಚ್ಚಿದೆಯೇ ಎಂದು ಮಾತ್ರ ಒಮ್ಮೆ ನೋಡಿ. ಬೀಮ್ ಮೇಲಿರುವುದರಿಂದ ತಳ ಇಳಿದಷ್ಟೂ ಓದು ಹೆಚ್ಚಬೇಕು. ಕಡಿಮೆ ಮಾಡುತ್ತಾ ಹೋದರೆ ಪೈಪು ಎದುರು ದಿಕ್ಕಿಗೆ ವಾಲುತ್ತದೆ, ಮೊದಮೊದಲು ಆಗುವ ತಪ್ಪು ಇದೇ.

ಪೇವಿಂಗ್ ವಿಷಯ ಬೇರೆ. ಅಗಲವಾದ ಜಾಗದಲ್ಲಿ ಪ್ರತಿ ಬಿಂದುವಿಗೂ ಬೇರೆ ಓದು ಲೆಕ್ಕ ಹಾಕುವುದು ಬೇಸರ, ತಪ್ಪೂ ಜಾಸ್ತಿ. ಇಲ್ಲಿ ಸ್ಲೋಪ್ ಇದ್ದರೆ ರಿಸೀವರನ್ನು ಸ್ಟಾಫಿನ ಒಂದೇ ಎತ್ತರಕ್ಕೆ ಬಿಗಿದು ಇಡೀ ಅಂಗಳ ಓಡಾಡಬಹುದು. ಆದರೆ "ಸ್ಲೋಪ್ ಇದೆ" ಎಂಬ ಮಾತಿನಲ್ಲಿ ಎರಡು ಜಾತಿ ಇವೆ, ಕೇಳಿಕೊಂಡು ತೆಗೆದುಕೊಳ್ಳಿ.

ಒಂದರಲ್ಲಿ ಸೆಲ್ಫ್ ಲೆವೆಲಿಂಗ್ ನಿಲ್ಲಿಸಿ ಬಟನ್ ಒತ್ತಿ ಬೀಮನ್ನು ಕಣ್ಣಂದಾಜಿನಲ್ಲಿ ಬಾಗಿಸುತ್ತೀರಿ. ಎರಡು ಬಿಂದುಗಳಲ್ಲಿ ಸ್ಟಾಫ್ ಓದು ಒಂದೇ ಆಗುವವರೆಗೆ ಒತ್ತಬೇಕು. ಕೆಲಸ ನಡೆಯುತ್ತದೆ. ಆದರೆ ಆ ಅಕ್ಷದಲ್ಲಿ ಯಂತ್ರ ತನ್ನನ್ನು ತಾನು ಸರಿಪಡಿಸಿಕೊಳ್ಳುವುದಿಲ್ಲ, ಹಲವು ಮಾಡೆಲ್‌ನಲ್ಲಿ ಅಲರ್ಟ್ ಕೂಡ ಆಗ ಕೆಲಸ ಮಾಡುವುದಿಲ್ಲ. ಟ್ರೈಪಾಡ್ ಕೂತರೂ, ಬಿಸಿಲಿಗೆ ಯಂತ್ರ ಕಾದರೂ ನಿಮಗೆ ತಿಳಿಯುವುದಿಲ್ಲ. ಗಂಟೆಗೊಮ್ಮೆ ಆ ಎರಡು ಬಿಂದು ಮತ್ತೆ ಓದಲೇಬೇಕು. ಇನ್ನೊಂದು ಜಾತಿಯಲ್ಲಿ 1.25% ಎಂದು ಅಂಕಿ ಕೊಟ್ಟರೆ ಯಂತ್ರ ಮೊದಲು ಮಟ್ಟವಾಗಿ, ಅಲ್ಲಿಂದ ಅಷ್ಟು ಬಾಗಿ, ಆ ಬಾಗನ್ನೇ ಕಾಯ್ದುಕೊಳ್ಳುತ್ತದೆ.

ಅಂಕಿ ಕೊಡುವ ಯಂತ್ರದಲ್ಲಿ ಜನ ಎಡವುವುದು ದಿಕ್ಕಿನಲ್ಲಿ. ಯಂತ್ರದ ಅಕ್ಷದ ಗುರುತನ್ನು ಇಳಿಜಾರಿನ ಗೆರೆಗೆ ಸರಿಯಾಗಿ ಹೊಂದಿಸಬೇಕು. 2 ಡಿಗ್ರಿ ತಪ್ಪಿ ನಿಲ್ಲಿಸಿದರೆ ಇಳಿಜಾರಿನ ನೇರಕ್ಕೆ ಏನೂ ಆಗುವುದಿಲ್ಲ, 24 ಮೀಟರಿಗೆ 0.2 ಮಿ.ಮೀ. ಕೂಡ ತಪ್ಪುವುದಿಲ್ಲ. ಅದಕ್ಕೇ ನೇರಕ್ಕೆ ಪರೀಕ್ಷಿಸಿದವರಿಗೆ ಎಲ್ಲ ಸರಿ ಎನಿಸುತ್ತದೆ. ಅಡ್ಡಕ್ಕೆ ಮಾತ್ರ 1.25%ನ ಒಂದು ಚೂರು ಸೇರಿಕೊಂಡು 20 ಮೀಟರ್ ಅಗಲಕ್ಕೆ ಸುಮಾರು 9 ಮಿ.ಮೀ. ಓರೆ ಬರುತ್ತದೆ. ನೀರು ಒಂದು ಮೂಲೆಯಲ್ಲಿ ನಿಂತ ಮೇಲೆ ಕಾರಣ ಹುಡುಕುತ್ತಾರೆ. ದಾರ ಕಟ್ಟಿ, ಅದರ ಮೇಲೆ ಯಂತ್ರ ನಿಲ್ಲಿಸಿ, ದೂರದ ಗೂಟದ ಕಡೆಗೆ ಮೇಲಿನ ಗುರುತು ಗುರಿಯಿಟ್ಟು ಸಾಲು ಹಿಡಿಸಿ. ಆಮೇಲೆ ಅಡ್ಡಕ್ಕೆ ಎರಡು ಬಿಂದುಗಳಲ್ಲಿ ಓದು ಒಂದೇ ಇದೆಯೇ ನೋಡಿ.

ಎರಡು ಅಕ್ಷಕ್ಕೂ ಸ್ಲೋಪ್ ಕೊಡುವ ಯಂತ್ರ ದೊಡ್ಡ ಮೈದಾನ, ಪಾರ್ಕಿಂಗ್ ಮಾಡುವವರಿಗೆ. ನಿಮ್ಮ ಪಟ್ಟಿಗೆ ಬೇಡ.

---

ಕ್ಯಾಲಿಬ್ರೇಷನ್_ಮೇಜು

ತಂದ ಮೇಲೆ ನೋಡಿಕೊಳ್ಳುವುದು ಹೇಗೆ ಎಂಬುದಕ್ಕೆ ಯಾರೂ ಉತ್ತರಿಸಿಲ್ಲ, ನಾನು ಬರೆಯುತ್ತೇನೆ. ಪರೀಕ್ಷೆ ಎರಡು. ಹಲವರು ಮೊದಲನೆಯದನ್ನು ಮಾತ್ರ ಮಾಡಿ ನಿಲ್ಲಿಸುತ್ತಾರೆ, ಅದು ಸಾಲದು.

ಮೊದಲನೆಯದು ಓರೆಗೆ, ಅಂದರೆ ಬೀಮ್ ಒಂದು ಕಡೆಗೆ ವಾಲಿದೆಯೇ ಎಂಬುದಕ್ಕೆ. ಗೋಡೆ ಅಥವಾ ಕಂಬದಿಂದ 30 ಮೀಟರ್ ದೂರದಲ್ಲಿ ಗಟ್ಟಿ ನೆಲದ ಮೇಲೆ ಯಂತ್ರ ಇಡಿ. ಯಂತ್ರದ ಮೇಲಿನ ಎಕ್ಸ್ ಅಕ್ಷದ ಗುರುತಿನ ಮುಖ ಗೋಡೆಯ ಕಡೆಗೆ ಇರಲಿ. ಮಟ್ಟವಾಗಲು ಬಿಟ್ಟು, ರಿಸೀವರ್ ನುಣುಪಿನಲ್ಲಿಟ್ಟು ಬೀಮ್ ಎತ್ತರಕ್ಕೆ ಗೆರೆ ಎಳೆಯಿರಿ. ಟ್ರೈಪಾಡ್ ಕದಲಿಸದೆ ಯಂತ್ರವನ್ನು ಮಾತ್ರ ಅರ್ಧ ಸುತ್ತು, 180 ಡಿಗ್ರಿ, ತಿರುಗಿಸಿ. ಮತ್ತೆ ಮಟ್ಟವಾದ ಮೇಲೆ ಇನ್ನೊಂದು ಗೆರೆ. ಎರಡರ ನಡುವಿನ ಅಂತರ ನಿಜವಾದ ತಪ್ಪಿನ ಇಮ್ಮಡಿ. ±1.5 ಯಂತ್ರಕ್ಕೆ 3 ಮಿ.ಮೀ. ಒಳಗಿರಬೇಕು. ಇದನ್ನೇ ಕಾಲು ಸುತ್ತು ತಿರುಗಿಸಿ ವೈ ಅಕ್ಷಕ್ಕೂ ಮಾಡಿ. ಒಟ್ಟು ನಾಲ್ಕು ಗೆರೆ.

ಎರಡನೆಯದು ಕೋನ್ ತಪ್ಪಿಗೆ. ಇಲ್ಲಿ ಬೀಮ್ ಎಲ್ಲ ದಿಕ್ಕಿಗೂ ಒಂದೇ ಸಮ ಮೇಲಕ್ಕೋ ಕೆಳಕ್ಕೋ ಬಾಗಿರುತ್ತದೆ, ಸಪಾಟು ತಟ್ಟೆಯ ಬದಲು ಕೊಡೆ ಬಿಚ್ಚಿದಂತೆ. ಯಂತ್ರ ತಿರುಗಿಸಿದರೂ ತಪ್ಪು ಅಷ್ಟೇ ಇರುವುದರಿಂದ ಮೊದಲ ಪರೀಕ್ಷೆಯಲ್ಲಿ ನಾಲ್ಕು ಗೆರೆಯೂ ಒಂದರ ಮೇಲೊಂದು ಬೀಳುತ್ತವೆ, ಯಂತ್ರ ಅಚ್ಚುಕಟ್ಟು ಎನಿಸುತ್ತದೆ. ಹಿಡಿಯುವುದು ಹೀಗೆ: 30 ಮೀಟರ್ ಅಂತರದ ಎರಡು ಕಂಬ, ಒಂದು ಅ, ಇನ್ನೊಂದು ಬ ಎನ್ನಿ. ಯಂತ್ರವನ್ನು ಅ ಪಕ್ಕದಲ್ಲೇ ಇಟ್ಟು ಎರಡೂ ಕಂಬದ ಮೇಲೆ ಗುರುತು ಹಾಕಿ. ಆಮೇಲೆ ಯಂತ್ರವನ್ನು ಬ ಪಕ್ಕಕ್ಕೆ ತಂದು, ಮೊದಲು ಅ ಕಡೆಗೆ ಇದ್ದ ಮುಖವೇ ಈಗ ಬ ಕಡೆಗೆ ಇರುವಂತೆ ತಿರುಗಿಸಿ, ಬ ಮೇಲಿನ ಗುರುತಿಗೆ ಬೀಮ್ ಸರಿಯಾಗಿ ಬೀಳುವಷ್ಟು ಎತ್ತರ ಹೊಂದಿಸಿ. ಈಗ ಅ ಮೇಲೆ ಬೀಮ್ ಎಲ್ಲಿ ಬೀಳುತ್ತದೆ ನೋಡಿ. ಹಳೆಯ ಗುರುತಿಗೂ ಇದಕ್ಕೂ ಇರುವ ಅಂತರ ಮತ್ತೆ ತಪ್ಪಿನ ಇಮ್ಮಡಿ, ಇಲ್ಲಿಯೂ 3 ಮಿ.ಮೀ. ಮಿತಿ. ಟ್ರೈಪಾಡ್ ತಲೆಯ ಎತ್ತರ ತಿರುಗಣಿಯಿಂದ ಏರಿಸುವಂಥದ್ದಾದರೆ ಇದು ಹತ್ತು ನಿಮಿಷದ ಕೆಲಸ.

ಓರೆಯನ್ನು ಬಹುತೇಕ ಯಂತ್ರಗಳಲ್ಲಿ ಬಟನ್ ಒತ್ತಿ ನೀವೇ ಸರಿಮಾಡಬಹುದು, ಕೈಪಿಡಿಯಲ್ಲಿ ಹಂತಗಳಿರುತ್ತವೆ. ಕೋನ್ ತಪ್ಪು ಒಳಗಿನ ಗಾಜಿನದು, ಸರ್ವೀಸಿಗೇ ಹೋಗಬೇಕು. ಅಲ್ಲಿಯವರೆಗೆ ಕೆಲಸ ನಿಲ್ಲಿಸಲಾಗದಿದ್ದರೆ ಯಂತ್ರವನ್ನು ಬಿಂದುಗಳ ನಟ್ಟನಡುವೆ ಇಡಿ. ಸಮ ದೂರದಲ್ಲಿ ಕೋನ್ ತಪ್ಪು ಎರಡೂ ಕಡೆ ಒಂದೇ ಆಗಿ ಕಳೆದುಹೋಗುತ್ತದೆ. ಓರೆ ಮಾತ್ರ ಹಾಗೆ ಕಳೆಯುವುದಿಲ್ಲ, ನಡುವೆ ಇಟ್ಟರೆ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಆಗಿ ಕೂಡಿಕೊಳ್ಳುತ್ತದೆ.

ಯಾವಾಗ ಮಾಡಬೇಕು? ಹೊಸದು ತಂದ ದಿನ, ಬಿದ್ದ ದಿನ, ದೂರದ ಲಾರಿ ಪ್ರಯಾಣದ ನಂತರ, ಸ್ಲ್ಯಾಬ್ ಅಥವಾ ಪ್ಲಿಂತ್ ಹಿಂದಿನ ದಿನ. ಕಾದ ವಾಹನದಿಂದ ತೆಗೆದ ಕೂಡಲೇ ಪರೀಕ್ಷಿಸಬೇಡಿ, ನೆರಳಿನಲ್ಲಿ 15 ನಿಮಿಷ ಇಡಿ. ಮಧ್ಯಾಹ್ನದ ಸುಡು ನೆಲದ ಮೇಲೆ ಬಿಸಿ ಗಾಳಿಯಲ್ಲಿ ಬೀಮ್ ನಡುಗುತ್ತದೆ, ಬೆಳಗ್ಗೆ ಮಾಡಿದ ಪರೀಕ್ಷೆಯನ್ನೇ ನಂಬಿ.

ಹಳೆಯ ಯಂತ್ರ ಕೊಳ್ಳುವ ಯೋಚನೆ ಇದ್ದರೆ ಈ ಎರಡೂ ಪರೀಕ್ಷೆ ಅಲ್ಲೇ ಮಾಡಿಸಿ. ಸೆಲ್ ಕೂರುವ ಜಾಗದ ಲೋಹ ಹಸಿರು ಕಿಲುಬು ಹಿಡಿದಿದೆಯೇ, ಬಾಗಿಲಿನ ರಬ್ಬರ್ ಸೀಳಿದೆಯೇ, ತಲೆ ತಿರುಗುವಾಗ ಕರಕರ ಎನ್ನುತ್ತದೆಯೇ ನೋಡಿ. ಗಾಜಿನ ಒಳಗಡೆ ಮಂಜು ಕಂಡರೆ ಬಿಟ್ಟುಬಿಡಿ. ಒದ್ದೆ ಯಂತ್ರವನ್ನು ಹಾಗೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟವರು ಮಾಡುವ ಹಾನಿ ಅದು. ನಿಮ್ಮದನ್ನೂ ಮಳೆಯಲ್ಲಿ ನೆನೆದ ದಿನ ರಾತ್ರಿ ಪೆಟ್ಟಿಗೆ ತೆರೆದೇ ಇಡಿ.

---

ಗೆರೆ_ಹಸಿರು

ಫಾಲ್ಸ್ ಸೀಲಿಂಗ್ ಮತ್ತು ಟೈಲ್ಸಿಗೆ ಒಂದು ಮಾತು. 15 ಮೀಟರ್ ಒಳಗಿನ ಕೋಣೆಗಳಿಗೆ ಮೂರು ಸುತ್ತಿನ ಹಸಿರು ಲೈನ್ ಲೇಸರ್ ರೋಟರಿಗಿಂತ ಸಲೀಸು. ಮಟ್ಟದ ಗೆರೆ, ಎರಡು ಲಂಬ ಗೆರೆ ಒಟ್ಟಿಗೇ ಸಿಗುತ್ತವೆ, ಮೂಲೆ 90 ಡಿಗ್ರಿಗೆ ಹಿಡಿಯುತ್ತದೆ. ರೋಟರಿಯನ್ನೇ ಒಳಗೂ ಹೊರಗೂ ಬಳಸಬೇಕೆಂದು ಮಲಗಿಸಿ ಲಂಬ ತೆಗೆಯುವ ಸೌಲಭ್ಯ, ಸ್ಕ್ಯಾನ್, ರಿಮೋಟ್ ಎಲ್ಲ ಇರುವ ದುಬಾರಿ ಮಾಡೆಲ್ ತರುವ ಬದಲು ಹೊರಗೆ ಮಟ್ಟ ಮಾತ್ರ ಕೊಡುವ ಗಟ್ಟಿ ಕೆಂಪು ರೋಟರಿ, ಒಳಗೆ ಸಣ್ಣ ಲೈನ್ ಲೇಸರ್ ಇಟ್ಟುಕೊಂಡರೆ ಒಂದೇ ಹೊತ್ತಿನಲ್ಲಿ ಎರಡು ಕಡೆ ಕೆಲಸ ನಡೆಯುತ್ತದೆ.

ಬೀಮ್ ಯಾರ ಕಣ್ಣಿನ ಎತ್ತರಕ್ಕೂ ಇಡಬೇಡಿ. ಲೇಸರಿನ ಸುರಕ್ಷತಾ ದರ್ಜೆ ಕ್ಲಾಸ್ 2 ಎಂದರೆ 1 ಮಿಲಿವಾಟ್ ಒಳಗೆ, ರೆಪ್ಪೆ ಮುಚ್ಚುವಷ್ಟು ಹೊತ್ತಿಗೆ ಅಪಾಯವಿಲ್ಲ. ಕ್ಲಾಸ್ 3ಆರ್ 5 ಮಿಲಿವಾಟ್‌ವರೆಗೆ ಹೋಗುತ್ತದೆ. ತಿರುಗುವುದನ್ನು ನಿಲ್ಲಿಸಿ ಒಂದೇ ಚುಕ್ಕೆ ಮಾಡಿದಾಗ ಹೆಚ್ಚು ಎಚ್ಚರ ಬೇಕು.

---

ಪಾಯದಿಂದ_ಮೇಲಕ್ಕೆ

ಎಲ್ಲರ ಮಾತು ಬರೆದಿಟ್ಟುಕೊಂಡೆ. ಕೆಂಪು, ±1.5, ಅಲರ್ಟ್ ಇರುವ ಮಟ್ಟದ ರೋಟರಿ, ಅಂಕಿ ತೋರಿಸುವ ರಿಸೀವರ್ ಎರಡು, ಒಳಗೆ ಲೈನ್ ಲೇಸರ್ ಎಂದು ನಿರ್ಧರಿಸಿದೆ. ಸದ್ಯಕ್ಕೆ ಪೇವಿಂಗ್ ದಾರ ಕಟ್ಟಿಯೇ ಮಾಡುತ್ತೇವೆ. ಕೊನೆಯ ಪ್ರಶ್ನೆ, ಸ್ಲ್ಯಾಬ್ ಕಾಂಕ್ರೀಟ್ ದಿನ ಟ್ರೈಪಾಡ್ ಎಲ್ಲಿ ಇಡುವುದು? ಸೆಂಟ್ರಿಂಗ್ ಮೇಲೆ ಇಟ್ಟರೆ ವೈಬ್ರೇಟರ್ ಹಾಕಿದಾಗೆಲ್ಲ ಅಲ್ಲಾಡುತ್ತದಲ್ಲ?

---

ಮಟ್ಟಗೋಲು

ಸೆಂಟ್ರಿಂಗ್ ಮೇಲೆ ಬೇಡವೇ ಬೇಡ. ವೈಬ್ರೇಟರ್ ನಡುಗಿಸುವುದು ಒಂದು, ಕಾಂಕ್ರೀಟ್ ತೂಕ ಬೀಳುತ್ತಿದ್ದಂತೆ ಹಲಗೆಯೇ ಕೆಲವು ಮಿ.ಮೀ. ಇಳಿಯುತ್ತದೆ, ಯಂತ್ರವೂ ಅದರ ಜೊತೆ ಇಳಿಯುತ್ತದೆ. ಪಕ್ಕದಲ್ಲಿ ಈಗಾಗಲೇ ಗಟ್ಟಿಯಾದ ಸ್ಲ್ಯಾಬ್ ಇದ್ದರೆ ಅದರ ಮೇಲೆ. ಇಲ್ಲದಿದ್ದರೆ ಗಟ್ಟಿಯಾದ ಕಂಬಕ್ಕೆ ಅಥವಾ ಗೋಡೆಗೆ ಬಿಗಿಯುವ ಬ್ರಾಕೆಟ್ ಸಿಗುತ್ತದೆ, ಯಂತ್ರದ ತಳದ ತಿರುಪು ಸಾಮಾನ್ಯವಾಗಿ 5/8 ಇಂಚಿನದು, ಅದಕ್ಕೆ ಹೊಂದುವುದನ್ನು ತನ್ನಿ. ನುಣುಪು ನೆಲದ ಮೇಲೆ ಟ್ರೈಪಾಡ್ ಇಡುವುದಾದರೆ ಕಾಲುಗಳು ಜಾರದಂತೆ ಮೂರಕ್ಕೂ ಸರಪಳಿ ಕಟ್ಟಿ, ನಡುವೆ ಮರಳಿನ ಚೀಲ ತೂಗುಹಾಕಿ.

ಹಿಂದಿನ ದಿನವೇ ಮೇಲೆ ಚಾಚಿರುವ ಕಂಬದ ಸರಳುಗಳಿಗೆ ಸ್ಲ್ಯಾಬಿನ ಮೇಲ್ಮಟ್ಟದಿಂದ ಸರಿಯಾಗಿ 1 ಮೀಟರ್ ಎತ್ತರಕ್ಕೆ ಟೇಪ್ ಸುತ್ತಿ ಗುರುತು ಹಾಕಿ. ಸರಳುಗಳ ಬುಡ ಕೆಳಗಿನ ಗಟ್ಟಿ ಕಂಬದಲ್ಲಿ ಕೂತಿರುವುದರಿಂದ ಅವು ಪಕ್ಕಕ್ಕೆ ಅಲ್ಲಾಡಿದರೂ ಕೆಳಗೆ ಇಳಿಯುವುದಿಲ್ಲ. ಕಾಂಕ್ರೀಟ್ ನಡೆಯುವಾಗ ಲೇಸರ್ ನಿಂತರೂ ಆ ಗುರುತಿನಿಂದ ದಾರ ಎಳೆದು ಮಟ್ಟ ಹಿಡಿಯಬಹುದು. ಅರ್ಧ ಗಂಟೆಗೊಮ್ಮೆ ರಿಸೀವರನ್ನು ಅದೇ ಟೇಪಿಗೆ ಹಿಡಿದು ನೋಡಿ. 2 ಮಿ.ಮೀ.ಗಿಂತ ಹೆಚ್ಚು ಬದಲಾಗಿದ್ದರೆ ಯಂತ್ರ ಕದಲಿದೆ.

ಸೆಂಟ್ರಿಂಗ್ ತಳ ಕೆಳಗಿನಿಂದ ನೋಡುವಾಗ ಸ್ಟಾಫ್ ತಲೆಕೆಳಗು ಮಾಡಿ, ಸೊನ್ನೆಯನ್ನು ಹಲಗೆಗೆ ಒತ್ತಿ. ಬೆಂಚ್ ಮಾರ್ಕ್ 100.000, ಅದರ ಮೇಲೆ ಓದು 1.345 ಆದರೆ ಬೀಮ್ 101.345. ಹಲಗೆಯ ತಳ 103.050 ಇರಬೇಕಾದರೆ ತಲೆಕೆಳಗಿನ ಓದು 1.705 ಬರಬೇಕು. ಇಲ್ಲಿ ಕಳೆಯುವ ಬದಲು ಬೀಮಿಗೆ ಕೂಡಿಸುತ್ತೀರಿ, ಅದೊಂದೇ ವ್ಯತ್ಯಾಸ. ಓದು 1.709 ಬಂದರೆ ಹಲಗೆ 4 ಮಿ.ಮೀ. ಮೇಲಿದೆ, ಆ ಜಾಗದ ಪ್ರಾಪ್ (ಹಲಗೆಯ ಕೆಳಗಿನ ಊರೆ) ಅಷ್ಟು ಇಳಿಸಿ. ರಿಸೀವರ್ ಕೂಡ ತಲೆಕೆಳಗಾಗಿರುತ್ತದೆ, ಬಾಣ ಕಣ್ಣಿಗೆ ಕಾಣುವ ದಿಕ್ಕು ಸರಿಯೇ ಇರುತ್ತದೆ, ಆದರೆ ಮೇಲೆ ಕೆಳಗೆ ಎಂದು ತಿಳಿಸುವ ಸದ್ದು ಅದಲುಬದಲಾಗುತ್ತದೆ. ಪ್ರಾಪ್ ತಿರುಗಿಸುವವರಿಗೆ ಇದನ್ನು ಮೊದಲೇ ಹೇಳಿಡಿ.